ಅಮ್ಮನಿಗೆ ತೋರಿಸೋಕೆ ಒಳ್ಳೆಯ ಕನ್ನಡ ಧಾರಾವಾಹಿ ಯಾವುದು?

ಅಮ್ಮ ನಿಮ್ಮ ಜೊತೆ ಇರೋಕೆ ಹೈದರಾಬಾದಿಗೆ ಬರುತ್ತಿದ್ದಾರೆ, ಅವರು ನೋಡುವ "ಅಳುಮುಂಜಿ ಧಾರಾವಾಹಿಗಳನ್ನು" ಬಿಡಿಸಿ ಏನಾದರೂ ಒಳ್ಳೆಯದನ್ನು ತೋರಿಸಬೇಕು, ಪಟ್ಟಿ ಕೊಡಿ ಅಂತ ಕೇಳಿದ್ದೀರಿ. ಪಟ್ಟಿ ಆಮೇಲೆ ಕೊಡುತ್ತೇನೆ. ಮೊದಲು ಒಂದು ಮಾತು: ಬಿಡಿಸಬೇಡಿ. ನಾನು ಬಿಡಿಸಿದವಳು.

ನಮ್ಮಮ್ಮ ಅರಸೀಕೆರೆಯವರು. ಅಪ್ಪ ಹೋದ ಮೇಲೆ ಒಬ್ಬರೇ ಇರೋದು ಬೇಡ ಅಂತ ಪುಣೆಗೆ ಕರೆದುಕೊಂಡು ಬಂದೆ. ಅವರು ಬರುವ ಮೊದಲೇ ದೊಡ್ಡ ಸ್ಮಾರ್ಟ್ ಟಿವಿ ತಂದು ಗೋಡೆಗೆ ಹಾಕಿಸಿದ್ದೆ. ಡಿಶ್ ಹಾಕಿಸಲಿಲ್ಲ. ಇಂಟರ್‌ನೆಟ್ ಇದೆ, ಆಪ್‌ಗಳಿವೆ, ಇನ್ನು ಡಿಶ್ ಯಾಕೆ ಅನ್ನೋದು ನನ್ನ ವಾದ. ಜೊತೆಗೆ ನಿಮ್ಮ ಹಾಗೆ ನನ್ನ ತಲೆಯಲ್ಲೂ ಒಂದು ಪಟ್ಟಿ ಇತ್ತು. ಊರಲ್ಲಿ ಸಂಜೆ ಆರೂವರೆಯಿಂದ ಒಂಬತ್ತೂವರೆ ತನಕ ಅಮ್ಮ ನೋಡುತ್ತಿದ್ದ ಧಾರಾವಾಹಿಗಳಲ್ಲಿ ಒಂದೂ ಅದರಲ್ಲಿರಲಿಲ್ಲ.

ಮೊದಲು ಗೃಹಭಂಗ ಹಾಕಿದೆ. ಭೈರಪ್ಪನವರ ಕಾದಂಬರಿ, ಗಿರೀಶ್ ಕಾಸರವಳ್ಳಿ ನಿರ್ದೇಶನ, ನಂಜಮ್ಮನಾಗಿ ಮಾಳವಿಕಾ. ಕಥೆ ನಮ್ಮ ಕಡೆಯದೇ, ಚನ್ನರಾಯಪಟ್ಟಣ, ತಿಪಟೂರು ಸೀಮೆಯದು. ಭಾಷೆ, ಅಡಿಗೆಮನೆ, ಬೈಗುಳ ಎಲ್ಲಾ ನಮ್ಮದೇ. ಅಮ್ಮ ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಕೆಲವು ಕಂತು ನೋಡಿ, "ಇದು ನಮ್ಮಜ್ಜಿ ಮನೆ ಕಥೆ ಕಣೆ. ಒಂದ್ಸಲ ಕೇಳಿ ಸಾಕಾಗಿದೆ, ಟೀವೀಲೂ ನೋಡ್ಬೇಕಾ?" ಅಂದರು. ಪ್ಲೇಗು, ಸಾಲ, ಕೈಲಾಗದ ಗಂಡ, ಕಣ್ಣೆದುರಿಗೇ ಸಾಯುವ ಮಕ್ಕಳು. ಗಂಡನನ್ನು ಈಗಷ್ಟೇ ಕಳೆದುಕೊಂಡ ಹೆಂಗಸಿಗೆ ನಾನು ತೋರಿಸಲು ಆರಿಸಿದ್ದು ಇದನ್ನು. ಅತ್ಯುತ್ತಮ ಧಾರಾವಾಹಿ, ಅದರಲ್ಲಿ ಎರಡು ಮಾತಿಲ್ಲ. ನೀವು ನೋಡಿ.

ಆಮೇಲೆ ಮಾಲ್ಗುಡಿ ಡೇಸ್. ಹಿಂದಿಯಲ್ಲಿತ್ತು. ಅಮ್ಮನ ಹಿಂದಿ ತರಕಾರಿ ಅಂಗಡಿಗೆ ಸಾಕಾಗುತ್ತದೆ, ಅಷ್ಟೇ. ಆದರೂ ಸ್ವಾಮಿಯ ಕಂತುಗಳನ್ನು ಇಷ್ಟಪಟ್ಟರು. ಮಾಸ್ಟರ್ ಮಂಜುನಾಥನನ್ನೂ, ಅಪ್ಪನ ಪಾತ್ರದ ಗಿರೀಶ್ ಕಾರ್ನಾಡರನ್ನೂ ನೋಡೋಕೆ ಭಾಷೆ ಏನೂ ಬೇಕಾಗಿಲ್ಲ. ಶಂಕರ್‌ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿಬಿಟ್ಟಿದ್ದರಲ್ಲ, ಆ ಬೀದಿ, ಆ ಜಗಲಿ ನೋಡುತ್ತಾ ಕೂತಿರುತ್ತಿದ್ದರು. ರೈಲು ನಿಲ್ದಾಣ ಬಂದಾಗ, ಇದು ಅರಸಾಳು, ಶಿವಮೊಗ್ಗದ ಹತ್ತಿರ, ಈಗ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ ಅಂತ ನಾನು ಪಾಠ ಮಾಡಿದೆ. "ನೋಡೋಕೆ ಬಿಡೆ" ಅಂತ ಬೈಸಿಕೊಂಡೆ.

ನಿಜವಾಗಿ ಹಿಡಿಸಿದ್ದು ಮಾಯಾಮೃಗ. 1998ರದು, ದೂರದರ್ಶನದಲ್ಲಿ ಬರುತ್ತಿತ್ತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ್ದು. ಈಗ ಯೂಟ್ಯೂಬ್‌ನಲ್ಲಿ ಇದೆ. ಶೀರ್ಷಿಕೆ ಗೀತೆ ಎಚ್.ಎಸ್. ವೆಂಕಟೇಶಮೂರ್ತಿಯವರದು, ರಾಗ ಸಿ. ಅಶ್ವತ್ಥ್ ಅವರದು. ಅದು ಶುರುವಾದರೆ ಸಾಕು, ಅಮ್ಮ ಒಲೆ ಸಣ್ಣ ಮಾಡಿ ಬರುತ್ತಿದ್ದರು. ಆದರೆ ಒಂದು ಕಂತು ಮುಗಿದ ತಕ್ಷಣ "ಇವತ್ತಿಗೆ ಸಾಕು" ಅಂತ ಎದ್ದುಬಿಡುತ್ತಿದ್ದರು. ಮುಂದಿನದು ಇಲ್ಲೇ ಇದೆ, ಒಂದು ಬಟನ್ ಒತ್ತಿದರೆ ಬರುತ್ತದೆ ಅಂದರೂ ಕೇಳುತ್ತಿರಲಿಲ್ಲ. "ನಾಳೆಗೆ ಏನು ನೋಡ್ಲಿ ಮತ್ತೆ?" ನನಗೆ ನಗು ಬರುತ್ತಿತ್ತು. ಮುಂದೆ ನಾನು ಎಡವಿದ್ದು ಇದೇ ಮಾತಿಗೆ.

ನಡೆದಿದ್ದು ಇಷ್ಟು. ಅಮ್ಮನಿಗೆ ತಮ್ಮ ಹಳೆಯ ಧಾರಾವಾಹಿಗಳಲ್ಲಿ ಒಂದರ ಮೇಲೆ ಮನಸ್ಸಿತ್ತು. ಯಾವುದು ಅಂತ ಹೇಳಲ್ಲ, ಅದರ ಅಭಿಮಾನಿಗಳು ನನ್ನ ಮೇಲೆ ಬೀಳುತ್ತಾರೆ. ಅದೊಂದನ್ನು ಮಾತ್ರ ಬಿಡಲಿಲ್ಲ. ಆಪ್‌ನಲ್ಲಿ ಹಾಕಿಕೊಡುತ್ತಿದ್ದೆ. ಆ ಆಪ್ ಆಗಾಗ ತಾನೇ ಲಾಗ್ಔಟ್ ಆಗುತ್ತಿತ್ತು. ಒಟಿಪಿ ಬರುವುದು ನನ್ನ ಫೋನಿಗೆ, ನಾನು ಆಫೀಸಿನಲ್ಲಿ. ಮೀಟಿಂಗ್ ನಡುವೆ ಅಮ್ಮನ ಫೋನು, "ಅದೇನೋ ನಂಬರ್ ಕೇಳ್ತಿದೆ." ಇದರಿಂದ ರೋಸಿಹೋಗಿ ದುಡ್ಡು ಕಟ್ಟಿ ಪ್ರೀಮಿಯಂ ತೆಗೆದುಕೊಂಡೆ. ಪ್ರೀಮಿಯಂ ಅಂದರೆ ಟಿವಿಯಲ್ಲಿ ಬರುವ ಮೊದಲೇ ಕಂತು ಆಪ್‌ಗೆ ಬರುತ್ತದೆ. ಅಮ್ಮನಿಗೆ ಏನೋ ದೊಡ್ಡ ಉಡುಗೊರೆ ಕೊಟ್ಟೆ ಅಂತ ನನಗೆ ಹೆಮ್ಮೆ. ಊರವರೆಲ್ಲಾ ರಾತ್ರಿ ನೋಡುವುದನ್ನು ನಮ್ಮಮ್ಮ ಮಧ್ಯಾಹ್ನವೇ ನೋಡಿ ಮುಗಿಸುತ್ತಾರೆ!

ನನಗೆ ಗೊತ್ತಿಲ್ಲದ ಒಂದು ವಿಷಯ ಇತ್ತು. ಅಮ್ಮ ಅದನ್ನು ಒಬ್ಬರೇ ನೋಡುತ್ತಿರಲಿಲ್ಲ. ತಿಪಟೂರಿನಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಅದೇ ಹೊತ್ತಿಗೆ ಅದೇ ಧಾರಾವಾಹಿ ನೋಡಿ, ಒಂಬತ್ತೂವರೆಗೆ ಫೋನಿಗೆ ಕೂರುತ್ತಿದ್ದರು. ವರ್ಷಗಟ್ಟಲೆ ನಡೆದುಕೊಂಡು ಬಂದದ್ದು. ಶುರು ಧಾರಾವಾಹಿಯಿಂದಲೇ, "ನೋಡ್ದೇನೇ ಅವಳ ಕೊಬ್ಬು?" ಅಂತ. ಅಲ್ಲಿಂದ ಕೊಬ್ಬರಿ ರೇಟಿಗೆ, ಯಾರದೋ ಮಗಳ ಸೀಮಂತಕ್ಕೆ, ಯಾರಿಗೋ ಶುಗರ್ ಜಾಸ್ತಿಯಾದದ್ದಕ್ಕೆ, ಪಕ್ಕದ ಮನೆಯವರು ಕಾಂಪೌಂಡ್ ಎತ್ತರಿಸಿದ್ದಕ್ಕೆ ಹೋಗುತ್ತಿತ್ತು ಮಾತು. ಕೊನೆಗೆ ಫೋನಿಡುವಾಗ ಧಾರಾವಾಹಿಯ ಸುದ್ದಿಯೇ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆಪ್‌ನಲ್ಲಿ ಒಂದು ಮುಖ್ಯ ಪಾತ್ರ ಸತ್ತುಹೋಯಿತು. ಅಮ್ಮನಿಗೆ ತಡೆಯಲಾಗಲಿಲ್ಲ. ಅಲ್ಲೇ ಚಿಕ್ಕಮ್ಮನಿಗೆ ಫೋನ್ ಮಾಡಿದರು. "ಹೋಗ್ಬಿಟ್ಲು ಕಣೇ, ಪಾಪ, ಆಕ್ಸಿಡೆಂಟು." ಆ ಕಡೆಯಿಂದ "ಅಯ್ಯೋ, ಯಾರಕ್ಕ? ಯಾವಾಗ?" ಅಂತ ಚಿಕ್ಕಮ್ಮ ಕೂಗಿಕೊಂಡದ್ದು ಇಡೀ ಹಾಲಿಗೆ ಕೇಳಿಸಿತಂತೆ. ಧಾರಾವಾಹಿಯವಳು ಅಂತ ಗೊತ್ತಾದ ಮೇಲೆ ಒಂದು ನಿಮಿಷ ಸಮಾಧಾನ. ಆಮೇಲೆ ಶುರುವಾಯಿತು ಸಿಟ್ಟು. "ನಂಗ್ಯಾಕೆ ಮೊದ್ಲೇ ಹೇಳ್ದೆ? ಇನ್ನು ನಾನೇನು ನೋಡ್ಲಿ?" ಅದು ಮೊದಲ ಸಲವೂ ಅಲ್ಲವಂತೆ. ಪ್ರೀಮಿಯಂ ಬಂದಾಗಿನಿಂದ ಅಮ್ಮ ಬಾಯಿ ತಪ್ಪಿ ಒಂದೊಂದೇ ಹೇಳಿಬಿಡುತ್ತಿದ್ದರು, ಚಿಕ್ಕಮ್ಮ ನುಂಗಿಕೊಂಡಿದ್ದರು.

ಅಂದಿನಿಂದ ಒಂಬತ್ತೂವರೆಯ ಫೋನ್ ನಿಂತಿತು. ಜಗಳ ಅಂತ ಏನೂ ಇಲ್ಲ. ಚಿಕ್ಕಮ್ಮನ ಮುಂದೆ ಏನು ಹೇಳಿದರೂ ಕಥೆ ಬಿಟ್ಟುಕೊಟ್ಟ ಹಾಗಾಗುತ್ತದೆ ಅಂತ ಅಮ್ಮ ಸುಮ್ಮನಾದರು. ಕೇಳಿದರೆ ಎಲ್ಲಿ ಗೊತ್ತಾಗಿಬಿಡುತ್ತದೋ ಅಂತ ಅವರೂ ಫೋನ್ ಮಾಡಲಿಲ್ಲ. ಹಾಗಾದರೆ ರಾತ್ರಿಯೇ ನೋಡಮ್ಮ ಅಂದೆ. ರಾತ್ರಿ ಟಿವಿಯಲ್ಲಿ ನನ್ನ ಮಗನ ಕ್ರಿಕೆಟ್ಟು, ನಮ್ಮ ಮನೆಯವರ ನ್ಯೂಸು. ಡಿಶ್ ಇದ್ದಿದ್ದರೆ "ಅಜ್ಜಿ ಧಾರಾವಾಹಿ ಟೈಮು" ಅಂತ ಎಲ್ಲರೂ ಎದ್ದು ಹೋಗುತ್ತಿದ್ದರು, ಯಾಕಂದರೆ ಎಂಟೂವರೆ ತಪ್ಪಿದರೆ ತಪ್ಪಿತು. ಆಪ್ ಇರುವಾಗ ಯಾರು ಜಾಗ ಬಿಡುತ್ತಾರೆ? "ಅಜ್ಜಿ, ನೀವು ಯಾವಾಗ ಬೇಕಾದ್ರೂ ನೋಡಬಹುದಲ್ಲ?" ಯಾವಾಗ ಬೇಕಾದರೂ ನೋಡಬಹುದು ಅಂತ ಆದಾಗ ಮನೆಯಲ್ಲಿ ಅವರದು ಅಂತ ಒಂದು ಹೊತ್ತೇ ಉಳಿಯಲಿಲ್ಲ. ಗೌರಿ ಹಬ್ಬಕ್ಕೆ ಅಂತ ಊರಿಗೆ ಹೋದವರು ವಾಪಸ್ ಬರುವ ಮಾತೇ ಎತ್ತಲಿಲ್ಲ.

ಟಿವಿ ವಿಷಯಕ್ಕೆ ಯಾರಾದರೂ ಊರಿಗೆ ಹೋಗಿಬಿಡುತ್ತಾರಾ ಅಂತ ನಿಮಗೆ ಅನಿಸಬಹುದು. ನಮ್ಮ ಮನೆಯವರೂ ಹಾಗೇ ಅಂದರು. ಆದರೆ ಪುಣೆಯಲ್ಲಿ ಅಮ್ಮನಿಗೆ ಕನ್ನಡದಲ್ಲಿ ಪಟ್ಟಾಂಗ ಹೊಡೆಯಲು ಸಿಗುತ್ತಿದ್ದದ್ದು ಆ ಒಂದು ಫೋನು. ಕೆಟ್ಟ ಧಾರಾವಾಹಿ, ಒಳ್ಳೆಯ ಧಾರಾವಾಹಿ ಅಂತ ನಾನು ತೂಗುತ್ತಾ ಕೂತಿದ್ದೆ. ಅಮ್ಮನಿಗೆ ಬೇಕಾಗಿದ್ದದ್ದು ಚಿಕ್ಕಮ್ಮನೂ ಅದೇ ಹೊತ್ತಿಗೆ ನೋಡುತ್ತಿರುವ ಧಾರಾವಾಹಿ.

ನಿಮ್ಮ "ಅಳುಮುಂಜಿ" ಬಗ್ಗೆಯೂ ಒಂದು ತಕರಾರಿದೆ. ನೀವು ಆ ಧಾರಾವಾಹಿಗಳನ್ನು ಹೇಗೆ ನೋಡಿದ್ದೀರಿ? ನಾನು ನೋಡಿದ್ದು ಭಾನುವಾರ ಆಪ್‌ನಲ್ಲಿ ಒಂದರ ಮೇಲೊಂದು. ಹಾಗೆ ನೋಡಿದರೆ ಯಾರಿಗಾದರೂ ತಲೆ ಕೆಡುತ್ತದೆ. ಹಿಂದಿನ ಕಂತಿನಲ್ಲಿ ಆದದ್ದೇ ಮತ್ತೆ ಬರುತ್ತದೆ, ಒಂದು ಮಾತು ಆಡಿದರೆ ಐದು ಮುಖಗಳ ಮೇಲೆ ಕ್ಯಾಮೆರಾ ಹೋಗುತ್ತದೆ, ಪ್ರತಿ ಮುಖಕ್ಕೂ ಢಂ ಅಂತ ಸದ್ದು. ಅದನ್ನು ಮಾಡಿರುವುದೇ ಒಗ್ಗರಣೆ ಹಾಕುತ್ತಾ ಕಿವಿಯಲ್ಲಿ ನೋಡುವವರಿಗೆ. ಆ ಢಂ ಕೇಳಿದಾಗ ಸೌಟು ಹಿಡಿದೇ ಹಾಲಿಗೆ ಬಂದರೆ ಏನಾಯಿತು ಅಂತ ಗೊತ್ತಾಗಬೇಕು. ವಾರಕ್ಕೆ ಐದು ಅಂದರೂ ವರ್ಷಕ್ಕೆ 260 ಕಂತು. ಎರಡು ದಿನ ನೆಂಟರು ಬಂದರೂ ಕಥೆ ಕೈ ತಪ್ಪಬಾರದು.

ಹಾಗಂತ ಎಲ್ಲವೂ ಒಳ್ಳೆಯದು ಅಂತಲ್ಲ. ನನ್ನ ಅಳತೆ ಒಂದೇ: ಪಾತ್ರಗಳು ದುಡ್ಡಿನ ಲೆಕ್ಕ ಹಾಕುತ್ತವಾ? ಬಾಡಿಗೆ, ಫೀಸು, ಸಾಲದ ಮಾತು ಬರುತ್ತದಾ? ಬಂದರೆ ನೋಡಬಹುದು. ಮಾಯಾಮೃಗದಲ್ಲಿ ಬರುತ್ತದೆ. 2021ರಲ್ಲಿ ಶುರುವಾದ ಪುಟ್ಟಕ್ಕನ ಮಕ್ಕಳು ಕೂಡ ಹಾಗೇ. ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ಹೆಂಗಸಾಗಿ ಉಮಾಶ್ರೀ. ಕೈಯಲ್ಲಿ ಪಾತ್ರೆ ಹಿಡಿದರೆ ನಿಜವಾಗಿ ಅಡಿಗೆ ಮಾಡುವವರ ಹಾಗೇ ಹಿಡಿಯುತ್ತಾರೆ. ಕಥೆ ಎಲ್ಲೆಲ್ಲೋ ಎಳೆದಾಡಿದಾಗಲೂ ಅವರಿಗೋಸ್ಕರ ನೋಡಬಹುದು. ಅದರ ಬಂಗಾರಮ್ಮ ಬಂದಾಗ ಅಮ್ಮ "ಇವಳು ಸಿಲ್ಲಿ ಲಲ್ಲಿಯ ಸಮಾಜಸೇವಕಿ ಅಲ್ವಾ!" ಅಂತ ಕಂಡುಹಿಡಿದರು. ಹೌದು, ಎರಡೂ ಪಾತ್ರ ನಟಿ ಮಂಜುಭಾಷಿಣಿಯದೇ. ಆ ನೆಪದಲ್ಲಿ ಹಳೆಯ ಹಾಸ್ಯ ಧಾರಾವಾಹಿ ಸಿಲ್ಲಿ ಲಲ್ಲಿ ಹಾಕಿಕೊಡಿ. ಡಾಕ್ಟರ್ ವಿಠಲ್ ರಾವ್ ಈಗಲೂ ನಗಿಸುತ್ತಾನೆ. ಯಾವ ಕಂತಿನಿಂದ ಬೇಕಾದರೂ ಶುರು ಮಾಡಬಹುದು.

"ಜೊತೆ ಜೊತೆಯಲಿ" ಧಾರಾವಾಹಿ ಶುರುವಿನಲ್ಲಿ ಚೆನ್ನಾಗಿತ್ತು, ವಠಾರದ ಮನೆ, ನಾಯಕಿಯ ಅಪ್ಪ ಅಮ್ಮ ಎಲ್ಲಾ. ಆಮೇಲೆ ನಾಯಕನ ಸತ್ತುಹೋದ ಹೆಂಡತಿ ರಾಜನಂದಿನಿ, ಪುನರ್ಜನ್ಮ ಅಂತ ಹೋಯಿತು. ನಾನು ಅಲ್ಲಿಗೆ ಬಿಟ್ಟೆ, ಅಮ್ಮ ಬಿಡಲಿಲ್ಲ.

ಮಾಯಾಮೃಗದ ಸೀತಾರಾಮ್ ಅವರದೇ ಇನ್ನೊಂದು ಧಾರಾವಾಹಿ "ಮಗಳು ಜಾನಕಿ"ಯನ್ನು ಮಾತ್ರ ಅಮ್ಮನಿಗೆ ಹಚ್ಚಬೇಡಿ. ತುಂಬಾ ಚೆನ್ನಾಗಿದೆ, ತೊಂದರೆ ಇರುವುದೇ ಅಲ್ಲಿ. 2018ರಲ್ಲಿ ಶುರುವಾಗಿ 2020ರ ಲಾಕ್‌ಡೌನ್ ಹೊತ್ತಿಗೆ ನಡುವೆಯೇ ನಿಂತುಹೋಯಿತು. ಮುಂದೇನಾಯ್ತು ಅಂತ ಅವರು ಕೇಳುತ್ತಾರೆ, ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಸೀತಾರಾಮ್ ಅವರ ಕೋರ್ಟ್ ಸೀನುಗಳೇ ಬೇಕು ಅಂದರೆ ಅವರ "ಮುಕ್ತ" ಧಾರಾವಾಹಿ ಹುಡುಕಿ.

ನಿಮಗೆ ಅಂತ ಬೇಕಾದರೆ ಬೇರೆ ಎರಡಿವೆ. ಗುಡ್ಡದ ಭೂತ, ಸದಾನಂದ ಸುವರ್ಣರದು, ಹಳೆಯ ದೂರದರ್ಶನ ಕಾಲದ್ದು, ಪ್ರಕಾಶ್ ರೈ ಆಗಿನ್ನೂ ಹೊಸಬರು. ಚಿಕ್ಕದು, ಬೇಗ ಮುಗಿಯುತ್ತದೆ. ರಾತ್ರಿ ಲೈಟ್ ಆರಿಸಿ ನೋಡಿ, "ಡೆನ್ನಾನ ಡೆನ್ನಾನ" ಹಾಡು ತಲೆಯಿಂದ ಹೋದರೆ ಹೇಳಿ. ಇನ್ನೊಂದು ಏಕಂ, 2024ರದು, ಕರಾವಳಿಯ ಏಳು ಬೇರೆ ಬೇರೆ ಕಥೆಗಳು. ಯಾವ ಒಟಿಟಿಯೂ ತೆಗೆದುಕೊಳ್ಳಲಿಲ್ಲ ಅಂತ ರಕ್ಷಿತ್ ಶೆಟ್ಟಿಯವರ ಸಂಸ್ಥೆ ತನ್ನದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿತು. ಇಂಥದ್ದು ಕನ್ನಡದಲ್ಲಿ ಕಡಿಮೆ. ಅಮ್ಮನನ್ನು ಪಕ್ಕ ಕೂರಿಸಿಕೊಂಡು "ಹೇಗಿದೆ, ಹೇಗಿದೆ" ಅಂತ ಕೇಳಬೇಡಿ. ಒಬ್ಬರೇ ನೋಡಿ.

ನಮ್ಮಮ್ಮನ ವಿಷಯಕ್ಕೆ ಬಂದರೆ, ಮುಂದಿನ ವರ್ಷ ಬಂದರು. ಅಷ್ಟರಲ್ಲಿ ಡಿಶ್ ಹಾಕಿಸಿ ಕನ್ನಡ ಪ್ಯಾಕ್ ತೆಗೆದುಕೊಂಡಿದ್ದೆ, ಪ್ರೀಮಿಯಂ ನಿಲ್ಲಿಸಿದ್ದೆ. ಚಿಕ್ಕಮ್ಮ ಈಗ ಬೇರೆ ಧಾರಾವಾಹಿಗೆ ಹೋಗಿದ್ದಾರೆ, ಅಮ್ಮನೂ ಅದಕ್ಕೇ ಬಂದಿದ್ದಾರೆ. ನನ್ನ ಪ್ರಕಾರ ಅದು ಹಳೆಯದಕ್ಕಿಂತಲೂ ಕೆಟ್ಟದು.

ಆದ್ದರಿಂದ ಪಟ್ಟಿಗಿಂತ ಮೊದಲು ಅಮ್ಮನಿಗೆ ಫೋನ್ ಮಾಡಿ ಎರಡು ಕೇಳಿ: ಎಷ್ಟು ಗಂಟೆಗೆ ಯಾವುದು ನೋಡುತ್ತಾರೆ, ಅದರ ಬಗ್ಗೆ ಯಾರ ಜೊತೆ ಮಾತಾಡುತ್ತಾರೆ. ನೀವು ಅಪಾರ್ಟ್‌ಮೆಂಟ್ ಅಂದಿದ್ದೀರಿ. ಬಾಲ್ಕನಿಯಲ್ಲಿ ಡಿಶ್ ಕೂರಿಸಲು ಬಿಡುತ್ತಾರಾ ಅಂತ ಅಸೋಸಿಯೇಶನ್‌ನವರನ್ನು ಈಗಲೇ ವಿಚಾರಿಸಿ. ನಮ್ಮಲ್ಲಿ ಆ ಅನುಮತಿಗೇ ತುಂಬಾ ಓಡಾಡಿಸಿದರು.