ಲ್ಯಾಮಿನೇಟ್ ನೆಲಹಾಸು: ಮಹಡಿಗೆ ಆಗಬಹುದು, ಹಜಾರಕ್ಕೆ ಬೇಡ

ನಮಸ್ಕಾರ. ಜಯನಗರದ ನಿಮ್ಮ ಹಳೆಯ ಮನೆಯಲ್ಲಿ ಮಹಡಿಯ ಕೋಣೆಗಳ ಟೈಲ್ಸ್ ಮೇಲೂ ಕೆಳಗಿನ ಹಜಾರದ ರೆಡ್ ಆಕ್ಸೈಡ್ (ಕೆಂಪು ಬಣ್ಣ ಬೆರೆಸಿದ ಸಿಮೆಂಟಿನ) ನೆಲದ ಮೇಲೂ ಲ್ಯಾಮಿನೇಟ್ ಹಾಕಿಸುವುದು ಪರಿಸರಕ್ಕೆ ಹಿತವೇ ಎಂದು ಕೇಳಿದ್ದೀರಿ. ಮಹಡಿಗೆ ಹಾಕಿಸಬಹುದು, ಹಜಾರಕ್ಕೆ ಖಂಡಿತ ಬೇಡ ಎಂಬುದು ನನ್ನ ಅಭಿಪ್ರಾಯ.

ಲ್ಯಾಮಿನೇಟ್ ಹಲಗೆಯ ಬಹುಭಾಗ ಎಚ್‌ಡಿಎಫ್, ಅಂದರೆ ಮರದ ನಾರಿಗೆ ಅಂಟು ಬೆರೆಸಿ ಬಿಸಿಯಲ್ಲಿ ಒತ್ತಿದ ಹಲಗೆ; ಅದರ ಮೇಲೆ ಮರದ ಚಿತ್ರ ಅಚ್ಚಾದ ಕಾಗದ ಮತ್ತು ಮೆಲಮೈನ್ ಎಂಬ ಗಟ್ಟಿ ರಾಳದ ಪದರ ಇರುತ್ತದೆ. ಸಾಮಿಲ್‌ನ ಚೂರುಗಳು, ಬೇಗ ಬೆಳೆಯುವ ನೆಡುತೋಪಿನ ಮರಗಳು ಇದಕ್ಕೆ ಸಾಕಾಗುವುದರಿಂದ ತೇಗದಂಥ ಮರಗಳಿಗೆ ಕೊಡಲಿ ಬೀಳುವುದು ತಪ್ಪುತ್ತದೆ. ಆದರೆ ನಮ್ಮ ಕಡೆ ನೆಡುತೋಪು ಎಂದರೆ ಅನೇಕ ಕಡೆ ನೀಲಗಿರಿ. ಅಂತರ್ಜಲ ಕುಸಿಯುತ್ತದೆಂಬ ಕಾರಣಕ್ಕೆ ರಾಜ್ಯ ಸರ್ಕಾರವು 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿರುವಾಗ, ‘ಮರ ಉಳಿಸುವ ನೆಲಹಾಸು’ ಎಂಬ ಮಾರಾಟದ ಮಾತನ್ನು ಪೂರ್ತಿ ಒಪ್ಪಲಾಗದು. ಮರ ಜವಾಬ್ದಾರಿಯಿಂದ ನಿರ್ವಹಿಸಿದ ಕಾಡು, ತೋಪುಗಳಿಂದ ಬಂದದ್ದು ಎಂದು ಸೂಚಿಸುವ ಎಫ್‌ಎಸ್‌ಸಿ ಗುರುತಿದೆಯೇ ಎಂದು ವಿಚಾರಿಸಿ.

ಹೆಚ್ಚು ಯೋಚಿಸಬೇಕಾದದ್ದು ಅಂಟಿನ ಬಗ್ಗೆ. ಇಂಥ ಹಲಗೆಗಳಲ್ಲಿ ಸಾಮಾನ್ಯವಾಗಿ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ನಿಧಾನವಾಗಿ ಹೊರಬರುತ್ತಿರುತ್ತದೆ, ಸೆಕೆ ಮತ್ತು ತೇವ ಏರಿದಂತೆ ಅದೂ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಹಲಗೆ ಸೂಸುವ ಈ ಅನಿಲದ ಪ್ರಮಾಣವನ್ನು ಸೂಚಿಸುವ ಯುರೋಪಿನ ಇ1 ದರ್ಜೆಯ ಮಿತಿ ಘನ ಮೀಟರ್ ಗಾಳಿಗೆ 0.124 ಮಿಲಿಗ್ರಾಂ. ಮಕ್ಕಳು ಮಲಗುವ ಕೋಣೆಯಾದರೆ ಅದಕ್ಕಿಂತ ಕಡಿಮೆ ಸೂಸುವ ಹಲಗೆಯನ್ನೇ ಆರಿಸಿ, ಅಂಗಡಿಯವರ ಬಾಯಿಮಾತಿಗೆ ಬದಲು ಪರೀಕ್ಷಾ ವರದಿಯನ್ನು ಕೇಳಿ ಪಡೆಯಿರಿ, ಹಾಕಿಸಿದ ಮೇಲೆ ಕೆಲವು ವಾರ ಕಿಟಕಿಗಳನ್ನು ತೆರೆದಿಡಿ.

ಮಹಡಿಗೆ ನಾನು ಒಪ್ಪುವುದಕ್ಕೆ ಮುಖ್ಯ ಕಾರಣ, ಟೈಲ್ಸ್ ಒಡೆಯದೆ, ಸಿಮೆಂಟ್ ಬಳಸದೆ, ಒಂದಕ್ಕೊಂದು ಸಿಕ್ಕಿಸುವ ಕ್ಲಿಕ್ ಹಲಗೆಗಳನ್ನು ಅದರ ಮೇಲೆಯೇ ಜೋಡಿಸಬಹುದು ಎಂಬುದು. ಬೆಂಗಳೂರಿನಲ್ಲಿ ಒಡೆದ ಕಟ್ಟಡದ ತ್ಯಾಜ್ಯ ಎಷ್ಟೋ ಸಲ ಕೆರೆಯಂಚಿಗೋ ರಾಜಕಾಲುವೆಗೋ ಸೇರುತ್ತಿರುವುದನ್ನು ಕಣ್ಣಾರೆ ಕಾಣುತ್ತಿರುವ ನಮಗೆ ಇದು ಸಣ್ಣ ಲಾಭವಲ್ಲ.

ಹಜಾರದ ವಿಷಯ ಬೇರೆ. ರೆಡ್ ಆಕ್ಸೈಡ್ ನೆಲಕ್ಕೆ ಬೇಕಾದ ಸಿಮೆಂಟ್ ಅಂದೇ ಖರ್ಚಾಗಿದೆ; ಬಿರುಕು ತುಂಬಿಸಿ ಪಾಲಿಶ್ ಮಾಡಿಸಿದರೆ ಆ ನೆಲ ಇನ್ನೂ ದಶಕಗಳ ಕಾಲ ತಂಪಾಗಿ ಬಾಳುತ್ತದೆ. ಹಳೆಯ ಮನೆಗಳ ಕೆಳಮಹಡಿಯಲ್ಲಿ ನೆಲದಿಂದ ತೇವ ಏರುವುದುಂಟು. ಆಗ ಎಚ್‌ಡಿಎಫ್ ಊದಿಕೊಳ್ಳುತ್ತದೆ, ಗೆದ್ದಲೂ ಹತ್ತಬಹುದು. ಘನ ಮರದಂತೆ ಲ್ಯಾಮಿನೇಟನ್ನು ಉಜ್ಜಿ ಹೊಸದಾಗಿಸಲು ಬರುವುದಿಲ್ಲ. ಅಂಟು, ಕಾಗದ, ಮೆಲಮೈನ್ ಒಂದಾಗಿ ಗಟ್ಟಿಯಾಗಿರುವುದರಿಂದ ಮರುಬಳಕೆಯೂ ಕಷ್ಟ, ಒಲೆಗೆ ಹಾಕಿದರೆ ವಿಷಕಾರಿ ಹೊಗೆ.

ಮಹಡಿಗೆ ಎಸಿ4 ದರ್ಜೆಯದನ್ನು (ಎಸಿ ಅಂಕಿ ಹೆಚ್ಚಿದಷ್ಟೂ ಸವೆತ ತಾಳುವ ಶಕ್ತಿ ಹೆಚ್ಚು) ಕೊಂಡು, ಒಂದು ಪೆಟ್ಟಿಗೆ ಹಲಗೆಯನ್ನು ಹೆಚ್ಚುವರಿಯಾಗಿ ಎತ್ತಿಡಿ. ಆ ವಿನ್ಯಾಸ ಮಾರುಕಟ್ಟೆಯಲ್ಲಿ ನಿಂತುಹೋದರೂ, ನಾಲ್ಕು ಹಲಗೆ ಕೆಟ್ಟ ಮಾತ್ರಕ್ಕೆ ಇಡೀ ಕೋಣೆಯದನ್ನು ಕಿತ್ತೆಸೆಯುವುದು ತಪ್ಪುತ್ತದೆ.