ಕೋಟಿ ಕೊಟ್ಟು ಕೊಂಡ ಸ್ಪೋರ್ಟ್ಸ್ ಕಾರಿನ ಬೆಲೆ ಇಷ್ಟು ಬೇಗ ಬೀಳುವುದೇಕೆ?

ನೀವು ಕೇಳಿದ್ದು ಎರಡು ಮಾತು. ಕೋಟಿಗಟ್ಟಲೆ ಕೊಟ್ಟು ತಂದ ಸ್ಪೋರ್ಟ್ಸ್ ಕಾರು ನಾಲ್ಕೈದು ವರ್ಷದಲ್ಲಿ ಅರ್ಧ ಬೆಲೆಗೆ ಯಾಕೆ ಬರುತ್ತದೆ? ಹಾಗೆ ಬಂದಾಗ ಕೊಳ್ಳಬಹುದಾ? ನಾನು ಕಲಬುರಗಿಯಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿಗಳ ವ್ಯವಹಾರ ಮಾಡುತ್ತೇನೆ. ನನ್ನ ಹತ್ತಿರ ನಿಲ್ಲುವುದು ಜಾಸ್ತಿ ಸ್ವಿಫ್ಟ್, ಬೊಲೆರೊ, ಇನ್ನೋವಾಗಳೇ. ಆದರೂ ಇಲ್ಲಿನ ಗಂಜ್ ಮಾರುಕಟ್ಟೆಯ ದಾಲ್ ಮಿಲ್ ಸಾಹುಕಾರರ ಮನೆ ಹುಡುಗರು ಹೈದರಾಬಾದಿನ ಯಾವುದೋ ಪೋರ್ಷೆಯ ಫೋಟೊ ಕಳಿಸಿ "ಅಣ್ಣಾ, ಈ ರೇಟಿಗೆ ತಗೋಬಹುದೇನ್ರೀ?" ಅಂತ ಆಗಾಗ ಕೇಳುತ್ತಾರೆ. ಹಾಗಾಗಿ ಈ ಲೆಕ್ಕ ನನಗೆ ಹೊಸದಲ್ಲ.

ಎಲ್ಲರೂ ಮೊದಲು ಬೈಯುವುದು ತೆರಿಗೆಯನ್ನು. ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವ ದುಬಾರಿ ಕಾರಿಗೆ ಆಮದು ಸುಂಕವೇ ಶೇ. 100ರ ಮೇಲೆ. ಅದರ ಮೇಲೆ ಜಿಎಸ್‌ಟಿ. ಆಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ, 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಶೇ. 18, ಜೊತೆಗೆ ಸೆಸ್. ಷೋರೂಮಿನಿಂದ ಹೊರಬಿದ್ದ ದಿನವೇ ಈ ದುಡ್ಡೆಲ್ಲ ಹೋಯಿತು ಅನ್ನುತ್ತಾರೆ. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹೊಸದು ಕೊಳ್ಳುವವರೂ ಅದೇ ತೆರಿಗೆ ಕಟ್ಟಬೇಕಲ್ವಾ? ಫಾರ್ಚೂನರ್‌ಗೂ ತೆರಿಗೆ ಏನು ಕಡಿಮೆಯಿಲ್ಲ. ಆದರೂ ಐದು ವರ್ಷದ ಫಾರ್ಚೂನರ್ ಬಂದರೆ ನಮ್ಮಲ್ಲಿ ಚೌಕಾಸಿಗೆ ಜಾಗವೇ ಇರುವುದಿಲ್ಲ.

ನಿಜವಾದ ಕಾರಣ ಗಿರಾಕಿ. ನಾಲ್ಕು ಕೋಟಿ ಕೊಡಬಲ್ಲವರು ಇನ್ನೊಬ್ಬರು ಓಡಿಸಿದ ಕಾರು ಯಾಕೆ ನೋಡುತ್ತಾರೆ? ಅವರಿಗೆ ತಮ್ಮದೇ ಬಣ್ಣ, ತಮ್ಮದೇ ಸೀಟಿನ ಹೊಲಿಗೆ ಬೇಕು. ಎರಡು ಕೋಟಿ ಇರುವವರಿಗೆ ಆ ಕಾರಿನ ಆಸೆ ಇದೆ, ಆದರೆ ಅದನ್ನು ಸಾಕುವ ಧೈರ್ಯ ಇಲ್ಲ. ಆನೆಯನ್ನು ಅರ್ಧ ಬೆಲೆಗೆ ಕೊಂಡರೆ ಮೇವು ಅರ್ಧಕ್ಕೆ ಇಳಿಯುತ್ತದಾ? ಕಾರಿನ ಬೆಲೆ ಎರಡು ಕೋಟಿಗೆ ಇಳಿದರೂ ಟೈರು, ಗೇರ್‌ಬಾಕ್ಸ್, ಎಂಜಿನ್ ಕೆಲಸದ ಬಿಲ್ಲು ನಾಲ್ಕು ಕೋಟಿ ಕಾರಿನದೇ. ಕಾರ್ಬನ್ ಸೆರಾಮಿಕ್ ಬ್ರೇಕ್ ಡಿಸ್ಕ್ ನಾಲ್ಕೂ ಬದಲಿಸುವ ದುಡ್ಡಿನಲ್ಲಿ ಇಲ್ಲಿ ಒಂದು ಹೊಸ ಕಾರೇ ಬರುತ್ತದೆ. ವಾರಂಟಿ ಮುಗಿಯುತ್ತಿದ್ದ ಹಾಗೆ ಬೆಲೆ ದಡಕ್ಕನೆ ಬೀಳುವುದು ಇದಕ್ಕೇ. ಫೆರಾರಿ ಹೊಸ ಕಾರಿಗೆ 7 ವರ್ಷದ ನಿಗದಿತ ಸರ್ವಿಸ್ ಸೇರಿಸಿ ಕೊಡುತ್ತದೆ, ಕಾರು ಕೈ ಬದಲಾದರೂ ಅದು ನಡೆಯುತ್ತದೆ. ಆ ಹೆದರಿಕೆ ಎಷ್ಟು ದೊಡ್ಡದು ಅಂತ ಅವರಿಗೂ ಗೊತ್ತಿದೆ.

ನಮ್ಮ ಭಾಗದಲ್ಲಂತೂ ಈ ಹೆದರಿಕೆ ಇನ್ನೂ ಜಾಸ್ತಿ. "ಗಾಡಿ ಛಲೋ ಅದರೀ, ಆದ್ರ ಸರ್ವಿಸ್ ಎಲ್ಲಿ ಮಾಡಸ್ಬೇಕು?" ಇದು ಮೊದಲ ಪ್ರಶ್ನೆ. ಲ್ಯಾಂಬೋರ್ಗಿನಿ ಆದರೆ ಬೆಂಗಳೂರಿಗೆ ಹೋಗಬೇಕು, ಸುಮಾರು 600 ಕಿಲೋಮೀಟರ್. ಓಡಿಸಿಕೊಂಡು ಹೋಗೋಣ ಅಂದರೆ ಪ್ರತಿ ಊರಿನ ರಸ್ತೆ ಹಂಪಿಗೂ ಕಾರಿನ ಹೊಟ್ಟೆ ತಾಗುತ್ತದೆ. ಲಾರಿ ಮೇಲೆ ಹೇರಬೇಕು.

ಇನ್ನೊಂದು ವಿಚಿತ್ರ ನೋಡಿ. ಇನ್ನೋವಾ ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ್ದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಸೂಪರ್‌ಕಾರು 30 ಸಾವಿರ ಓಡಿದ್ದರೆ "ಬಹಳ ಓಡಿದೆ" ಅಂತ ಬೆಲೆ ಕಡಿಯುತ್ತಾರೆ. ಮೊದಲ ಮಾಲೀಕರು ಲಕ್ಷಗಟ್ಟಲೆ ಸುರಿದು ಹಾಕಿಸಿದ ಕಾರ್ಬನ್ ಫೈಬರ್, ವಿಶೇಷ ಬಣ್ಣ, ಇವಕ್ಕೆ ಎರಡನೇ ಗಿರಾಕಿ ಕೊಡುವುದು ಬಿಡಿಗಾಸು. ಗಿಣಿ ಹಸಿರು ಬಣ್ಣ ಇದ್ದರೆ ತಿರುಗಿ ಇನ್ನೂ ಕಡಿಮೆ ಕೇಳುತ್ತಾರೆ!

ವಿಮೆಯ ಲೆಕ್ಕ ಬೇರೆ. ಐಡಿವಿ ಅಂತೀವಲ್ಲ, ಅಂದರೆ ವಿಮೆ ಕಂಪನಿ ಕಾರಿಗೆ ಕಟ್ಟುವ ಬೆಲೆ, ಅದರಲ್ಲಿ ಮೊದಲ 6 ತಿಂಗಳಿಗೆ ಶೇ. 5, ವರ್ಷದೊಳಗೆ 15, 2 ವರ್ಷಕ್ಕೆ 20, ಹೀಗೆ ಹೋಗಿ 5 ವರ್ಷಕ್ಕೆ 50 ಕಳೆಯುತ್ತಾರೆ. ಆಲ್ಟೊಗೂ ಅದೇ, ಆಸ್ಟನ್ ಮಾರ್ಟಿನ್‌ಗೂ ಅದೇ. ಸಂತೆಯ ಬೆಲೆ ಆ ಪಟ್ಟಿ ನೋಡಿ ನಡೆಯುವುದಿಲ್ಲ.

ತೆರಿಗೆ ಕಚ್ಚುವ ಜಾಗ ಬೇರೆ ಇದೆ. ಒಂದು, ಹೊಸ ಕಾರಿನ ತೆರಿಗೆ ಇಳಿದರೆ ಹಳೆಯದರ ಬೆಲೆಯೂ ಕುಸಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿಎಸ್‌ಟಿ ಶೇ. 40 ಆಯಿತು. ಮೊದಲು ಸೆಸ್ ಸೇರಿ 48ರಿಂದ 50 ಇತ್ತು. ಅದೇ ವರ್ಷ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಲ್ಲಿ ಅಲ್ಲಿಯ ಕಾರುಗಳ ಸುಂಕವನ್ನು ಒಂದು ಮಿತಿಯೊಳಗೆ ಹಂತ ಹಂತವಾಗಿ ಶೇ. 10ಕ್ಕೆ ಇಳಿಸುವ ಮಾತಿದೆ. ಇದನ್ನು ಓದಿದ ಗಿರಾಕಿ ಬ್ರಿಟನ್ನಿನದೇ ಆದ ಹಳೇ ಮೆಕ್ಲಾರೆನ್‌ಗೆ ಪೂರ್ತಿ ಬೆಲೆ ಕೊಡುತ್ತಾನಾ? ಎರಡು, ರಾಜ್ಯದ ಗಡಿ. ಕಲಬುರಗಿ, ಬೀದರ್‌ನವರಿಗೆ ಹೈದರಾಬಾದ್, ಸೊಲ್ಲಾಪುರ ಎರಡೂ ಹತ್ತಿರ. ಆದರೆ ಗಡಿ ದಾಟಿ ಮಾರಿದರೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತೆಗೆಯಬೇಕು, ಅಲ್ಲಿ ಹೊಸದಾಗಿ ತೆರಿಗೆ ಕಟ್ಟಬೇಕು, ಇಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ವಾಪಸ್ ಕೇಳಿ ಓಡಾಡಬೇಕು. ಮೊದಲೇ ಗಿರಾಕಿ ಕಡಿಮೆ, ಅದರಲ್ಲೂ ಪಾಲು.

ಬೆಲೆ ಏರುವ ಕಾರುಗಳೂ ಇವೆ, ಇಲ್ಲ ಅನ್ನಲ್ಲ. ಫೆರಾರಿ 250 ಜಿಟಿಒ ಮಾಡಿದ್ದೇ 36. ಅದರಲ್ಲಿ ಒಂದು 2018ರಲ್ಲಿ ಅಮೆರಿಕದ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ಮೆಕ್ಲಾರೆನ್ ಎಫ್1 ಒಟ್ಟು 106. ಪೋರ್ಷೆ 911 ಜಿಟಿ3ಗೂ ಒಳ್ಳೆ ಬೆಲೆ ನಿಲ್ಲುತ್ತದೆ. ಇಲ್ಲೆಲ್ಲ ಗಿರಾಕಿ ಹೆಚ್ಚು, ಕಾರು ಕಡಿಮೆ. ಆದರೆ ನಿಮಗೆ ಅರ್ಧ ಬೆಲೆಗೆ ಕಾಣುತ್ತಿರುವುದು ಇಂಥವಲ್ಲ.

ಕೊಳ್ಳಬಹುದಾ ಅಂದರೆ, ಕೊಳ್ಳಿ, ಬೀಳಬೇಕಾದ ದೊಡ್ಡ ಬೆಲೆ ಬಿದ್ದಾಗಿದೆ. ಆದರೆ ಕಂಪನಿ ವರ್ಕ್‌ಶಾಪಿನ ಪೂರ್ತಿ ಸರ್ವಿಸ್ ದಾಖಲೆ ಇಲ್ಲದಿದ್ದರೆ ಬೇಡ. ವಾರಂಟಿ ಮುಂದುವರಿಸಲು ಕಂಪನಿ ಒಪ್ಪುತ್ತದಾ ಕೇಳಿ. ಒಪ್ಪದಿದ್ದರೆ ಯಾಕೆ ಅಂತಲೂ ಕೇಳಿ. ರ‍್ಯಾಂಪ್ ಮೇಲೆ ಎತ್ತಿಸಿ ಅಡಿಭಾಗ ನೋಡಿ. ಗಾಡಿ ತೆಲಂಗಾಣದ್ದಾದರೆ, ನಮ್ಮ ಕಲಬುರಗಿಯ ಕೆಎ 32 ನಂಬರ್ ಹಾಕಿಸಲು ಎಷ್ಟು ತೆರಿಗೆ ಬರುತ್ತದೆ ಅಂತ ಮೊದಲೇ ಆರ್‌ಟಿಒದಲ್ಲಿ ಕೇಳಿಕೊಂಡು, ಅಷ್ಟನ್ನು ಅವರ ರೇಟಿನಲ್ಲಿ ಕಳೆದು ಮಾತು ಶುರು ಮಾಡಿ.