ಓದುಗರ ಪ್ರಶ್ನೆ: ಗಾಜಿನ ಕುಪ್ಪಿ

ಪ್ರಶ್ನೆ: ಆಫ್ರಿಕದಲ್ಲಿ ಗಾಜಿನ ಕುಪ್ಪಿಗೆ ಬೇಡಿಕೆ ಏರುತ್ತಿದೆಯಂತೆ. ಹಾಗಿದ್ದರೂ ಹೊಸ ಕಾರ್ಖಾನೆಗಳು ಬೇಗ ಏಕೆ ಏಳುವುದಿಲ್ಲ? (ಮಂಜೇಶ್ವರದ ಓದುಗರು)

ಉತ್ತರ: ಮುಖ್ಯ ತೊಡಕು ಕುಲುಮೆ. ಮರಳು, ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್), ಸುಣ್ಣಕಲ್ಲನ್ನು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸುವ ಅದನ್ನು ಒಮ್ಮೆ ಹೊತ್ತಿಸಿದರೆ ಹತ್ತು ವರ್ಷಕ್ಕೂ ಮಿಕ್ಕಿ ಹಗಲಿರುಳು ಉರಿಸಬೇಕು. ಆರಿದರೆ ಒಳಗಿನ ಗಾಜು ಹೆಪ್ಪುಗಟ್ಟಿ ಇಟ್ಟಿಗೆ ಬಿರಿಯುತ್ತದೆ. ಮಾರಾಟ ನಿಂತರೂ ಇಂಧನದ ಖರ್ಚು ನಿಲ್ಲದು. 2020ರ ಲಾಕ್‌ಡೌನಿನಲ್ಲಿ ದಕ್ಷಿಣ ಆಫ್ರಿಕ ಮದ್ಯ ಮಾರಾಟ ನಿಷೇಧಿಸಿದಾಗ ಗಾಜು ತಯಾರಕರಿಗೆ ಬಿದ್ದ ಪೆಟ್ಟು ಇದೇ. ಅಲ್ಲಿನ ಕಾನ್ಸಾಲ್ ಕಂಪನಿ ಹೊಸ ಘಟಕದ ಕೆಲಸವನ್ನೇ ತಡೆಹಿಡಿಯಿತು. 2022ರಲ್ಲಿ ಆ ಕಂಪನಿಯನ್ನು ಪ್ಯಾಕೇಜಿಂಗ್ ಉದ್ಯಮದ ಆರ್ಡಾ ಸಮೂಹ ಕೊಂಡಿತು. ಕಚ್ಚಾವಸ್ತು ಇಲ್ಲವೆಂದಲ್ಲ: ಕೆನ್ಯಾದ ಮಾಗಡಿ ಸರೋವರದಲ್ಲೂ ಬೋಟ್ಸ್ವಾನಾದಲ್ಲೂ ಸೋಡಾ ಆ್ಯಶ್ ಸಿಗುತ್ತದೆ. ಇನ್ನೊಂದು ಮಾತು: ಬಿಯರ್, ಸೋಡಾದ ಕುಪ್ಪಿಗಳು ಅನೇಕ ಕಡೆ ಮರಳಿ ಬಂದು ಮತ್ತೆ ತುಂಬುತ್ತವೆ. ಆದ್ದರಿಂದ ಪಾನೀಯದ ಮಾರಾಟ ಏರಿದಷ್ಟೇ ಹೊಸ ಕುಪ್ಪಿಯ ಬೇಡಿಕೆಯೂ ಏರುತ್ತದೆಂದು ಲೆಕ್ಕ ಹಾಕಬೇಡಿ.

ಪ್ರಶ್ನೆ: ಬಿಸಿ ಪುನರ್ಪುಳಿ ಶರಬತ್ತು ಹೊಯ್ದರೆ ಕುಪ್ಪಿಯ ಬುಡ ಕಳಚಿ ಬೀಳುತ್ತದೆ, ಏಕೆ? (ಬದಿಯಡ್ಕದ ಓದುಗರು)

ಉತ್ತರ: ಬುಡದ ಗಾಜು ದಪ್ಪ. ಒಳಮೈ ಬಿಸಿಯಾಗಿ ಹಿಗ್ಗುವಾಗ ಹೊರಮೈ ತಣ್ಣಗೇ ಇದ್ದು ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ಖಾಲಿ ಕುಪ್ಪಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಮೆಲ್ಲನೆ 60–70 ಡಿಗ್ರಿಗೆ ಏರಿಸಿ. ಗ್ರಾನೈಟ್ ಕಟ್ಟೆಯ ಮೇಲಲ್ಲ, ಮರದ ಹಲಗೆಯ ಮೇಲಿಟ್ಟು 85 ಡಿಗ್ರಿಯ ಶರಬತ್ತು ತುಂಬಿ. ತುಂಬಿದ ಬಳಿಕ ತಣ್ಣೀರಿಗೆ ಇಳಿಸಲೇಬೇಡಿ. ಥಟ್ಟನೆ ತಣಿಯುವುದು ಬಿಸಿಗಿಂತಲೂ ಅಪಾಯ. ಗೀರು ಬಿದ್ದ ಹಳೆಯ ಕುಪ್ಪಿಗಳನ್ನು ಈ ಕೆಲಸಕ್ಕೆ ಬಳಸಬಾರದು.